ಹಳದಿ ಕೆಂಪು ಯಾರ ಧ್ವಜ?

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯ ಮಿತ್ರರು ಮನೆಗೆ ಬಂದು ಕೇಳಿಕೊಂಡಾಗ, ನಾನು ಶಾಲೆಯ ಪೂರ್ವಕಥೆಯನ್ನೇ ಬರೆಯುವೆನೆಂದು ಅವರು ನಿರೀಕ್ಷಿಸಿದ್ದಿರಬೇಕು. ಆ ಕಾರ್ಯವನ್ನು ನನಗಿಂತ ಸಮರ್ಥರಾದವರು ವಹಿಸಿಕೊಂಡಿದ್ದಾರೆ. ಮುಳಿಹುಲ್ಲಿನ ಮಾಡು, ಆಟಿ ತಿಂಗಳ ಮಳೆಗೆ ಸೋರುತ್ತಿದ್ದ ತರಗತಿ, ಒಂದೇ ಬೆಂಚಿನಲ್ಲಿ ಆರು ಮಕ್ಕಳು ಇವನ್ನೆಲ್ಲ ಓದುಗರು ಬೇರೆ ಪುಟಗಳಲ್ಲಿ ಕಾಣುವರು. ನಾನು ಬರೆಯಹೊರಟಿರುವುದು ಸ್ವಾಗತ ಸಮಿತಿಯ ಸಭೆಯಲ್ಲಿ ಎದ್ದ ಒಂದು ಸಣ್ಣ ಪ್ರಶ್ನೆಯ ಕುರಿತು.

ಮುಖ್ಯರಸ್ತೆಯಿಂದ ಶಾಲೆಯ ಅಂಗಳದವರೆಗೆ ಗುಡ್ಡೆಯ ದಾರಿಯನ್ನು ತೋರಣ, ಧ್ವಜಗಳಿಂದ ಅಲಂಕರಿಸುವುದೆಂದು ನಿರ್ಣಯವಾಯಿತು. ಯಾವ ಧ್ವಜ ಎಂದಾಗ ಮಾತು ಮೂರು ದಾರಿ ಹಿಡಿಯಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಹಳೆ ವಿದ್ಯಾರ್ಥಿಯೊಬ್ಬರು, ನಡುವೆ ಬಿಳಿ ಪಟ್ಟಿಯೂ ಗಂಡಭೇರುಂಡದ ಲಾಂಛನವೂ ಇರುವ ಹೊಸ ಧ್ವಜವನ್ನು ಮುದ್ರಿಸಿ ತರಿಸುವೆನೆಂದರು. ಇನ್ನೊಬ್ಬರು, ನಮ್ಮ ಹಳದಿ ಕೆಂಪಿನ ಹಳೆಯ ಧ್ವಜವೇ ಇರಲೆಂದರು. ಮೂರನೆಯವರು ವ್ಯವಹಾರ ತಿಳಿದವರು. ಕೇರಳದ ನೆಲದಲ್ಲಿ ಅನ್ಯರಾಜ್ಯದ ಧ್ವಜದ ಗೊಡವೆಯೇ ಬೇಡ, ಬಣ್ಣದ ಕಾಗದ ಕತ್ತರಿಸಿ ಕಟ್ಟೋಣ ಎಂದರು. ಎಲ್ಲರೂ ನನ್ನ ಮುಖ ನೋಡಿದರು. ಎಪ್ಪತ್ತೈದು ದಾಟಿದವನ ಮುಖವನ್ನು ಸಭೆಗಳಲ್ಲಿ ಹೀಗೆ ಆಗಾಗ ನೋಡುವ ರೂಢಿಯಿದೆ. ಉತ್ತರವನ್ನು ಬರೆದೇ ಕೊಡುವೆನೆಂದು ಹೇಳಿ ಎದ್ದು ಬಂದೆ.

ಮೂರನೆಯವರ ಮಾತಿನಲ್ಲಿದ್ದ "ಅನ್ಯರಾಜ್ಯದ ಧ್ವಜ" ಎಂಬ ಪದವೇ ನನ್ನನ್ನು ಚುಚ್ಚಿದ್ದು. ಅದು ಅನ್ಯರಾಜ್ಯದ ಧ್ವಜವೇ? ನನ್ನ ಉತ್ತರ, ಅಲ್ಲ. ಆದರೆ ಅದು ಹಾಗಾಗುವ ದಾರಿಯಲ್ಲಿ ಒಮ್ಮೆ ಬಹುದೂರ ನಡೆದಿತ್ತು, ಮುಂದೆಯೂ ನಡೆಯಬಹುದು. ಹಾಗಾದರೆ ನಷ್ಟ ಬೆಂಗಳೂರಿನವರಿಗಲ್ಲ, ಗಡಿಯಾಚೆ ಇರುವ ನಮಗೆ ಎಂಬುದೇ ಈ ಲೇಖನದ ತಾತ್ಪರ್ಯ.

ಕಾಸರಗೋಡಿನವರಾದ ನಮಗೆ ಧ್ವಜವೆಂದರೆ ಮೊದಲು ನೆನಪಾಗುವುದು ದೇವಸ್ಥಾನದ ಕೊಡಿ. ಜಾತ್ರೆಗೆ ಕೊಡಿ ಏರಿತೆಂದರೆ ಅದು ಇಳಿಯುವವರೆಗೆ ಊರು ಬಿಟ್ಟು ರಾತ್ರಿ ಹೊರಗೆ ನಿಲ್ಲಬಾರದೆಂದು ನನ್ನ ಅಜ್ಜ ಕಟ್ಟುನಿಟ್ಟು ಮಾಡುತ್ತಿದ್ದರು. ವಿಷ್ಣುವಿನ ಕ್ಷೇತ್ರವಾದರೆ ಗರುಡ, ಶಿವನದಾದರೆ ನಂದಿ. ಚಿಹ್ನೆ ಯಾರದೋ ಧ್ವಜ ಅವರದು, ಅದು ಹಾರುವಷ್ಟು ದಿನ ಊರು ಅವರ ವಶ. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅರ್ಜುನನು ಕಪಿಧ್ವಜ, ಕೌರವನು ಪನ್ನಗಧ್ವಜ, ಭೀಷ್ಮರದು ತಾಳಧ್ವಜ. ರಥ ಇನ್ನೂ ದೂರದಲ್ಲಿರುವಾಗಲೇ ಬಂದವನು ಯಾರೆಂದು ಧ್ವಜ ಹೇಳುತ್ತಿತ್ತು. ನಮ್ಮ ಅರಸರ ಕಾಲದಲ್ಲಿಯೂ ಇದೇ ಕ್ರಮ. ಕದಂಬರಿಗೆ ಸಿಂಹ ಲಾಂಛನ ಮತ್ತು ವಾನರ ಧ್ವಜ, ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ. ಗಂಡಭೇರುಂಡವನ್ನು ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಕಾಣುತ್ತೇವೆ, ಅನಂತರ ಮೈಸೂರಿನ ಒಡೆಯರಲ್ಲಿ ಕಾಣುತ್ತೇವೆ.

ಇಷ್ಟು ದೀರ್ಘ ಪರಂಪರೆಯಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಇವೆಲ್ಲವೂ ದೇವರ ಧ್ವಜಗಳು, ಇಲ್ಲವೇ ದೊರೆಗಳ ಧ್ವಜಗಳು. ಒಂದು ಭಾಷೆಯನ್ನಾಡುವ ಸಾಮಾನ್ಯ ಜನರೆಲ್ಲರಿಗೆ ಸೇರಿದ ಧ್ವಜವೆಂಬುದು ಹಳಗನ್ನಡದ ಕಾಲದಲ್ಲಿಯೂ ಇರಲಿಲ್ಲ, ನಡುಗನ್ನಡದ ಕಾಲದಲ್ಲಿಯೂ ಇರಲಿಲ್ಲ. ಅದು ಹುಟ್ಟಿದ್ದು ನಮ್ಮ ಕಣ್ಣೆದುರಿನಲ್ಲಿ, 1960ರ ದಶಕದಲ್ಲಿ.

ಅದನ್ನು ರೂಪಿಸಿದವರು ಮ. ರಾಮಮೂರ್ತಿಯವರು. ಪತ್ರಕರ್ತರು, ಪತ್ತೇದಾರಿ ಕಾದಂಬರಿಗಳನ್ನು ಬರೆದವರು, ಬೆಂಗಳೂರಿನ ಬೀದಿಗಳಲ್ಲಿ ಕನ್ನಡಕ್ಕಾಗಿ ನಡೆದವರು. ಕನ್ನಡ ಪಕ್ಷವೆಂಬ ಸಂಘಟನೆ ಕಟ್ಟಿದರು. ಮೇಲೆ ಹಳದಿ, ಕೆಳಗೆ ಕೆಂಪು, ಅಂದರೆ ಅರಿಶಿನ ಕುಂಕುಮ ಎಂದು ಜನ ಅದನ್ನು ಅರ್ಥಮಾಡಿಕೊಂಡರು. 1967ರ ಡಿಸೆಂಬರಿನಲ್ಲಿ ತಮ್ಮ ಜಮೀನಿನಲ್ಲಿ ಬಾವಿ ತೋಡಿಸುತ್ತಿದ್ದಾಗ ಮಣ್ಣು ಕುಸಿದು ಇಬ್ಬರು ಮಕ್ಕಳೊಡನೆ ಅವರು ತೀರಿಕೊಂಡರು. ಕಾಸರಗೋಡಿನ ನಮಗೂ ಆ ವರ್ಷವನ್ನು ಮರೆಯಲಾಗದು. ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು ಮಹಾಜನ ಆಯೋಗವು ವರದಿಯಿತ್ತದ್ದು 1967ರಲ್ಲಿಯೇ. ನಾನು ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ್ದೂ ಅದೇ ವರ್ಷ. ವರದಿ ಕಪಾಟು ಸೇರಿತು, ನಾನು ಅಧ್ಯಾಪಕ ತರಬೇತಿಗೆ ಸೇರಿದೆ.

ಆ ಧ್ವಜ ಹುಟ್ಟಿದಾಗ ಕರ್ನಾಟಕವೆಂಬ ಹೆಸರಿನ ರಾಜ್ಯವೇ ಇರಲಿಲ್ಲವೆಂಬುದನ್ನು ಇಂದಿನ ತರುಣರು ನೆನಪಿನಲ್ಲಿಡಬೇಕು. ಆಗ ಇದ್ದುದು ಮೈಸೂರು ರಾಜ್ಯ. ಕರ್ನಾಟಕವೆಂದು ನಾಮಕರಣವಾದದ್ದು 1973ರ ನವೆಂಬರ್ 1ರಂದು. ಹೆಸರಿಗಿಂತ ಧ್ವಜ ಹಳೆಯದು. ರಾಜ್ಯವೊಂದು ತನಗಾಗಿ ಹೊಲಿಸಿಕೊಂಡ ವಸ್ತ್ರವಲ್ಲ ಅದು. ಭಾಷೆಯ ಹೆಸರಿನಲ್ಲಿ ಒಬ್ಬ ಬರಹಗಾರ ಎತ್ತಿದ್ದನ್ನು ಜನ ತಮ್ಮದಾಗಿಸಿಕೊಂಡರು. ಒಂದು ಪಕ್ಷದೊಡನೆ ಹುಟ್ಟಿದ್ದು ಪಕ್ಷವನ್ನು ಮೀರಿ ಬೆಳೆಯಿತು. ಇಂತಹದು ಎಲ್ಲ ಧ್ವಜಗಳ ಭಾಗ್ಯದಲ್ಲಿರುವುದಿಲ್ಲ.

ಹಾಗೆ ಬೆಳೆಯಲು ಅದರ ವಿನ್ಯಾಸವೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. ಎರಡು ಪಟ್ಟಿ ಬಟ್ಟೆ, ಒಂದು ಹೊಲಿಗೆ. ಸೀರೆಯ ಹಳೆಯ ಅಂಚು ಸಾಕು, ದರ್ಜಿಯೂ ಬೇಡ. ಎರಡನೆಯ ತರಗತಿಯ ಮಗುವಿಗೆ ಎರಡು ಬಣ್ಣದ ಕಡ್ಡಿ ಕೊಟ್ಟರೆ ತಪ್ಪಿಲ್ಲದೆ ಬರೆಯುತ್ತದೆ. ಮೂವತ್ತು ವರ್ಷ ಚಿತ್ರದ ತರಗತಿಗಳನ್ನು ನೋಡಿದವನ ಮಾತಿದು, ತ್ರಿವರ್ಣ ಧ್ವಜದ ಚಕ್ರದ ಇಪ್ಪತ್ತನಾಲ್ಕು ಅರಗಳನ್ನು ಸರಿಯಾಗಿ ಬರೆದ ಮಗುವನ್ನು ನಾನು ಕಂಡದ್ದು ವಿರಳ. ಅದು ರಾಷ್ಟ್ರದ ಧ್ವಜ, ಅದಕ್ಕೆ ಅಷ್ಟು ಶ್ರದ್ಧೆ ಬೇಕು, ಇರಲಿ. ಅದರ ಉದ್ದ ಅಗಲ ಮೂರಕ್ಕೆ ಎರಡರ ಪ್ರಮಾಣದಲ್ಲಿರಬೇಕು, ಮಾಪಕ್ಕೊಪ್ಪುವ ಖಾದಿಯಲ್ಲಿ ಅದನ್ನು ಹೊಲಿಯುವ ಕೆಲಸಕ್ಕೆ ಹೆಸರಾದದ್ದು ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಖಾದಿ ಗ್ರಾಮೋದ್ಯೋಗ ಸಂಘ ಎಂಬುದನ್ನು ನಾನು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತಿದ್ದೆ. ಕನ್ನಡದ ಧ್ವಜಕ್ಕೆ ಅಂತಹ ಯಾವ ಅಳತೆಯೂ ಇರಲಿಲ್ಲ. ಆಟೋರಿಕ್ಷಾದ ಮುಂದೆ ಅಂಗೈಯಗಲ, ಸಮ್ಮೇಳನದ ದ್ವಾರದಲ್ಲಿ ಹತ್ತು ಮೊಳ. ಅದಕ್ಕೆ ನಿಯಮ ಮಾಡುವ ಅಧಿಕಾರವಿದ್ದವರೇ ಇರಲಿಲ್ಲ.

ಅರ್ಥದ ವಿಷಯದಲ್ಲಿಯೂ ಅದೇ ಸಡಿಲು. ಅರಿಶಿನ ಕುಂಕುಮವೆಂದರೆ ಹಿಂದೂ ಮನೆಯ ಮಂಗಳದ್ರವ್ಯವಷ್ಟೆ, ನಮ್ಮ ಶಾಲೆಯಲ್ಲಿ ಕನ್ನಡ ಕಲಿತ ಬ್ಯಾರಿ ಮಕ್ಕಳಿಗೆ, ಕ್ರೈಸ್ತ ಮಕ್ಕಳಿಗೆ ಅದು ಹೇಗೆ ತಮ್ಮದಾದೀತು ಎಂದು ನನಗೊಮ್ಮೆ ಸಂದೇಹ ಬಂದಿತ್ತು. ಈಗ ಅಡಿಕೆ ವ್ಯಾಪಾರ ಮಾಡುತ್ತಿರುವ ಹಳೆಯ ಶಿಷ್ಯನೊಬ್ಬನಲ್ಲಿ ಕೇಳಿಯೂಬಿಟ್ಟೆ. ಅವನು ನಕ್ಕು, "ಸರ್, ನಮಗೆ ಹಳದಿಯೆಂದರೆ ಹಣ್ಣಡಿಕೆ, ಕೆಂಪೆಂದರೆ ಈ ಗುಡ್ಡೆಯ ಮುರಕಲ್ಲು. ಅರಿಶಿನ ಕುಂಕುಮ ನಿಮ್ಮ ಮನೆಯಲ್ಲಿರಲಿ" ಎಂದ. ಅಲ್ಲಿಗೆ ನನ್ನ ಸಂದೇಹ ಮುಗಿಯಿತು. ಬಣ್ಣಕ್ಕೆ ಒಂದೇ ಅರ್ಥವನ್ನು ಯಾರೂ ಬರೆದಿಟ್ಟಿರದ ಕಾರಣ ಅವನಿಗೆ ಬೇಕಾದ ಅರ್ಥ ಅವನಿಗೆ ದೊರೆಯಿತು.

ಇನ್ನು, ನಾನು ಮಾಡಿದ ಒಂದು ಕಾರ್ಯವನ್ನು ಹೇಳಬೇಕು. ಹಳೆ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಇದು ನೆನಪಿರಬಹುದು, ನನ್ನ ಮೇಲೆ ಸಿಟ್ಟೂ ಉಳಿದಿರಬಹುದು.

ನವೆಂಬರ್ 1 ನಮ್ಮ ಪಾಲಿಗೆ ವಿಚಿತ್ರವಾದ ದಿನ. ಕರ್ನಾಟಕಕ್ಕೆ ಅದು ರಾಜ್ಯೋತ್ಸವ, ಕೇರಳಕ್ಕೆ ಜನ್ಮದಿನ. ಎರಡೂ 1956ರ ಅದೇ ಪುನರ್ವಿಂಗಡಣೆಯ ಫಲ. ಅಂದು ನಾನು ಆರು ವರ್ಷದ ಹುಡುಗ. ಹಿಂದಿನ ದಿನ ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯವರಾಗಿದ್ದ ನಾವು ಬೆಳಗಾಗುವಾಗ ಕೇರಳದವರಾಗಿದ್ದೆವು. ಮನೆ ಅಲ್ಲೇ, ತೋಟ ಅಲ್ಲೇ, ಹೊಳೆ ಅಲ್ಲೇ. ಕಯ್ಯಾರ ಕಿಞ್ಞಣ್ಣ ರೈಗಳಂತಹ ಹಿರಿಯರು ಆ ನೋವನ್ನು ಬದುಕಿನ ಕೊನೆಯವರೆಗೂ ಮರೆಯಲಿಲ್ಲ. ನಾವು ಅಧ್ಯಾಪಕರು ಮಾತ್ರ ಪ್ರತಿವರ್ಷ ಆ ದಿನ ಕೇರಳದ ಜನ್ಮದಿನವನ್ನು ಕ್ರಮವಾಗಿ ಆಚರಿಸಿದೆವು. ಸಂಬಳ ಕೊಡುವ ಸರಕಾರದ ಆದೇಶವದು, ಪಾಲಿಸುವುದರಲ್ಲಿ ನನಗೆ ಲಜ್ಜೆಯಿರಲಿಲ್ಲ, ಇಂದಿಗೂ ಇಲ್ಲ.

1996ರ ನವೆಂಬರ್ 1, ಶುಕ್ರವಾರ. ಬೆಳಿಗ್ಗೆ ಬೇಗನೆ ಶಾಲೆಗೆ ಬಂದವನು ನೋಡುತ್ತೇನೆ, ಅಂಗಳದ ಧ್ವಜಸ್ತಂಭದ ತುದಿಯಲ್ಲಿ ಹಳದಿ ಕೆಂಪಿನ ಬಟ್ಟೆ ಹಾರುತ್ತಿದೆ. ಏಳನೆಯ ತರಗತಿಯ ನಾಲ್ಕು ಹುಡುಗರು ಮುನ್ನಾದಿನ ಸಂಜೆ ಕಟ್ಟಿ ಹೋಗಿದ್ದರು. ಹಳದಿಯ ಭಾಗ ಬಿಳಿ ಪಂಚೆಯ ತುಂಡನ್ನು ಅರಿಶಿನದಲ್ಲಿ ಅದ್ದಿದ್ದು, ಕೆಂಪು ಯಾರದೋ ಸೀರೆಯದು. ಹೊಲಿಗೆ ಕೈಹೊಲಿಗೆ. ನಾನು ಹತ್ತು ನಿಮಿಷ ಅದರ ಕೆಳಗೆ ನಿಂತಿದ್ದೆ. ಮನಸ್ಸಿಗೆ ಸಂತೋಷವಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಆ ಕಂಬ ರಾಷ್ಟ್ರಧ್ವಜದ ಕಂಬ. ಅದು ಸರಕಾರದ ಅನುದಾನ ಪಡೆಯುವ ಶಾಲೆ. ಹತ್ತು ಗಂಟೆಗೆ ಮಕ್ಕಳೆಲ್ಲ ಕೇರಳದ ಜನ್ಮದಿನಕ್ಕೆ ಅದೇ ಕಂಬದ ಮುಂದೆ ಸಾಲಾಗಿ ನಿಲ್ಲಬೇಕು. ಕನ್ನಡ ವಿಭಾಗವನ್ನು ಉಳಿಸಿಕೊಳ್ಳಲು ಪ್ರತಿವರ್ಷ ಮಕ್ಕಳ ತಲೆ ಎಣಿಸುತ್ತ ಜೀವ ಹಿಡಿದುಕೊಂಡಿದ್ದ ನನಗೆ, ಒಂದು ದೂರು ಎಲ್ಲಿಗೆ ಮುಟ್ಟಬಹುದೆಂಬುದು ಚೆನ್ನಾಗಿ ತಿಳಿದಿತ್ತು. ಹಗ್ಗ ಬಿಚ್ಚಿ ನಾನೇ ಇಳಿಸಿದೆ.

ಇಳಿಸುವುದನ್ನು ಆ ಹುಡುಗರು ಗೇಟಿನ ಬಳಿ ನಿಂತು ನೋಡಿದರು. ಬೈಯಲಿಲ್ಲ, ಹೊಡೆಯಲಿಲ್ಲ. ಒಬ್ಬ ಮಾತ್ರ ಧೈರ್ಯಮಾಡಿ ಕೇಳಿದ, "ಸರ್, ಇದು ಬೇರೆ ರಾಜ್ಯದ ಧ್ವಜವೋ?" ನಾನು ಯೋಚಿಸದೆಯೇ ಹೇಳಿದೆ, "ಅಲ್ಲ, ಇದು ಯಾವ ರಾಜ್ಯದ್ದೂ ಅಲ್ಲ, ಭಾಷೆಯದ್ದು." ಹಾಗಾದರೆ ಏಕೆ ಇಳಿಸಿದಿರಿ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ಮಧ್ಯಾಹ್ನ, ಶುಕ್ರವಾರದ ದೀರ್ಘ ಬಿಡುವಿನಲ್ಲಿ, ಮಲಯಾಳ ವಿಭಾಗದ ಹಿರಿಯ ಅಧ್ಯಾಪಕರು ನನ್ನ ಕೋಣೆಗೆ ಬಂದರು. ತಲಶ್ಶೇರಿಯ ಕಡೆಯವರು, ಈಗ ನಮ್ಮೊಡನಿಲ್ಲ. ಮೇಜಿನ ಮೇಲೆ ಮಡಚಿಟ್ಟಿದ್ದ ಬಟ್ಟೆಯನ್ನು ಬಿಡಿಸಿ ನೋಡಿ, ವಿಷಯ ಕೇಳಿ ತಿಳಿದುಕೊಂಡು ಅವರು ಹೇಳಿದ ಮಾತನ್ನು ನಾನು ಮರೆತಿಲ್ಲ. "ಇದು ನಿಮ್ಮ ಭಾಷೆಯ ಧ್ವಜವಾದರೆ ನನ್ನ ಆಕ್ಷೇಪವಿಲ್ಲ ಮಾಸ್ತರೇ, ನಾನೂ ಭಾಷೆ ಕಲಿಸಿಯೇ ಅನ್ನ ತಿನ್ನುವವನು. ಇನ್ನೊಂದು ಸರಕಾರದ ಧ್ವಜವಾದರೆ ನಾನು ಒಪ್ಪಲಾರೆ" ಎಂದರು. ಅಪರಾಹ್ನದ ಸಾಹಿತ್ಯ ಸಂಘದ ಸಭೆಯಲ್ಲಿ ಆ ಬಟ್ಟೆಯನ್ನು ವೇದಿಕೆಯ ಹಿಂದಿನ ಅಡಿಕೆಮರದ ಕಂಬಕ್ಕೆ ಕಟ್ಟಿದೆವು. ಗಾಳಿಗೆ ಒಂದು ಬದಿ ಬಿಚ್ಚಿಕೊಂಡಾಗ ತಮ್ಮ ಕೊಡೆಯ ಚೀಲದ ದಾರ ಬಿಚ್ಚಿ ಕಟ್ಟಿಕೊಟ್ಟವರು ಅವರೇ.

ಅವರ ಆ ಎರಡು ವಾಕ್ಯಗಳೊಳಗೆ ನಮ್ಮಂತಹ ಗಡಿನಾಡಿನವರ ಸ್ಥಿತಿಯೆಲ್ಲ ಅಡಗಿದೆ. ಭಾರತದ ಸಂವಿಧಾನವು ನಮಗೆ ಕೊಟ್ಟ ರಕ್ಷಣೆ ಭಾಷೆಯ ಆಧಾರದ್ದು. 29 ಮತ್ತು 30ನೆಯ ಅನುಚ್ಛೇದಗಳಿರಲಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು 1956ರಲ್ಲಿ ಸೇರಿಸಿದ 350-ಎ ಅನುಚ್ಛೇದವಿರಲಿ, ಅವು ನಮ್ಮನ್ನು ಕಾಣುವುದು ಭಾಷಾ ಅಲ್ಪಸಂಖ್ಯಾತರೆಂದು. ಪಕ್ಕದ ರಾಜ್ಯದ ಪ್ರಜೆಗಳೆಂದಲ್ಲ. ನಮ್ಮ ಶಾಲೆ ಐವತ್ತು ವರ್ಷ ಬದುಕಿದ್ದು ಈ ಭಾಷೆಯ ನೆಲೆಯ ಮೇಲೆ. ನಮ್ಮ ಕೈಯಲ್ಲಿರುವ ಚಿಹ್ನೆಯೂ ಅದೇ ನೆಲೆಯದ್ದಾಗಿರಬೇಕು.

ಈಗ ಆ ಹೊಸ ಧ್ವಜದ ಮಾತು. 2017ರಲ್ಲಿ ಕರ್ನಾಟಕ ಸರಕಾರವು ನಾಡಧ್ವಜದ ವಿನ್ಯಾಸ ಮತ್ತು ಕಾನೂನಿನ ಸ್ಥಿತಿಗತಿಗಳನ್ನು ಪರಿಶೀಲಿಸಲು ಒಂಬತ್ತು ಮಂದಿಯ ಸಮಿತಿಯನ್ನು ನೇಮಿಸಿತು. 2018ರ ಮಾರ್ಚ್ 8ರಂದು ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹಳದಿ, ಬಿಳಿ, ಕೆಂಪಿನ ಧ್ವಜವನ್ನು ಬಿಡುಗಡೆ ಮಾಡಿದರು. ನಡುವಿನ ಬಿಳಿಯಲ್ಲಿ ರಾಜ್ಯದ ಲಾಂಛನ. ಹಳದಿ ಕ್ಷಮೆಗೆ, ಬಿಳಿ ಶಾಂತಿಗೆ, ಕೆಂಪು ಶೌರ್ಯಕ್ಕೆ ಸಂಕೇತವೆಂದು ವಿವರಣೆ ಬಂತು. ಕೇಂದ್ರದ ಒಪ್ಪಿಗೆಗೆ ಕಳುಹಿಸುವುದೆಂದಾಯಿತು. ಮೇ ತಿಂಗಳಲ್ಲಿ ವಿಧಾನಸಭೆಯ ಚುನಾವಣೆ ಮುಗಿಯಿತು. ಆ ಧ್ವಜ ಅಧಿಕೃತವಾಗಲಿಲ್ಲ.

ರಾಜ್ಯವೊಂದು ಧ್ವಜ ಬಯಸುವುದೇ ದೇಶದ್ರೋಹವೆಂದು ಅಂದು ಕೆಲವರು ಬೊಬ್ಬಿಟ್ಟರು. ನಾನು ಆ ಪಕ್ಷದವನಲ್ಲ. ತಮಿಳುನಾಡಿನಲ್ಲಿ 1970ರಲ್ಲಿಯೇ ಕರುಣಾನಿಧಿಯವರು ರಾಜ್ಯಕ್ಕೊಂದು ಧ್ವಜದ ಪ್ರಸ್ತಾಪ ಇಟ್ಟಿದ್ದರು. ರಾಷ್ಟ್ರಧ್ವಜದ ಮರ್ಯಾದೆಗೆ 1971ರ ಕಾಯಿದೆಯಿದೆ, 2002ರ ಧ್ವಜಸಂಹಿತೆಯಿದೆ. ಬೇರಾವ ಧ್ವಜವೂ ಅದಕ್ಕಿಂತ ಎತ್ತರದಲ್ಲಿ ಇಲ್ಲವೇ ಅದರ ಸಮಕ್ಕೆ ಹಾರಬಾರದೆಂದು ಅಲ್ಲಿ ಸ್ಪಷ್ಟವಿದೆ. ಅಷ್ಟನ್ನು ಪಾಲಿಸಿದರೆ ಸಾಕು. ನನ್ನ ಆಕ್ಷೇಪ ಬೇರೆ.

ಮೊದಲನೆಯದು ಕಣ್ಣಿಗೆ ಸಂಬಂಧಿಸಿದ್ದು. ಕರಿಹಲಗೆಯ ಮೇಲೆ ಬಿಳಿಯ ಸೀಮೆಸುಣ್ಣದ ಪಕ್ಕದಲ್ಲಿ ಹಳದಿಯಿಂದ ಬರೆದು ಹಿಂದಿನ ಬೆಂಚಿನ ಹುಡುಗನನ್ನು ಕೇಳಿ, ಯಾವುದು ಯಾವುದೆಂದು ಅವನು ಹೇಳಲಾರ. ಹಳದಿಯೂ ಬಿಳಿಯೂ ಎರಡೂ ತಿಳಿಬಣ್ಣಗಳು, ದೂರದಿಂದ ಒಂದರೊಳಗೊಂದು ಸೇರಿಹೋಗುತ್ತವೆ. ಯುರೋಪಿನ ಹಳೆಯ ಲಾಂಛನಶಾಸ್ತ್ರದಲ್ಲಿ ಚಿನ್ನದ ಮೇಲೆ ಬೆಳ್ಳಿಯನ್ನಿಡಬೇಡ ಎಂಬ ನಿಯಮವಿರುವುದು ಇದೇ ಕಾರಣಕ್ಕೆ. ಹಳದಿಗೆ ಕೆಂಪು ತಾಗಿ ನಿಂತಾಗ ಎರಡೂ ಎದ್ದುಕಾಣುತ್ತಿದ್ದವು. ನಡುವೆ ಬಿಳಿ ಬಂದು ಆ ಬಲ ಹೋಯಿತು. ಲಾಂಛನಕ್ಕೆ ಜಾಗ ಬೇಕೆಂದು ಬಿಳಿ ಬಂದಂತೆ ತೋರುತ್ತದೆಯೇ ಹೊರತು, ಜನ ಬಿಳಿಯನ್ನು ಕೇಳಿರಲಿಲ್ಲ. ಅರಿಶಿನಕ್ಕೆ ಕ್ಷಮೆಯೆಂದು ಅರ್ಥ ಹಚ್ಚಿದ್ದಂತೂ ನನಗೆ ಪರೀಕ್ಷೆಯಲ್ಲಿ ಗೊತ್ತಿಲ್ಲದ ಪ್ರಶ್ನೆಗೆ ಜಾಣ ಹುಡುಗ ಬರೆಯುವ ಉತ್ತರದಂತೆ ಕಂಡಿತು.

ಎರಡನೆಯದು ಇದಕ್ಕಿಂತ ಗಹನವಾದದ್ದು. ಕರ್ನಾಟಕದ ಲಾಂಛನದಲ್ಲಿ ಏನೇನಿದೆ? ನಡುವೆ ಗಂಡಭೇರುಂಡ, ಎರಡು ಬದಿಯಲ್ಲಿ ಶರಭಗಳು, ಶಿರದಲ್ಲಿ ಅಶೋಕನ ಸಿಂಹಗಳು. ಸೊಗಸಾದ ಲಾಂಛನ, ಮೈಸೂರಿನ ಪರಂಪರೆಯನ್ನೂ ಗಣರಾಜ್ಯವನ್ನೂ ಒಂದೆಡೆ ಕೂಡಿಸಿದ್ದು. ಆದರೆ ಅಶೋಕನ ಸಿಂಹಗಳಿರುವ ಮುದ್ರೆಯನ್ನು ಅನುಮತಿಯಿಲ್ಲದೆ ಬಳಸಬಾರದೆಂದು 2005ರ ಕಾಯಿದೆಯೇ ಇದೆ. ಅದು ಸರಕಾರದ ಮುದ್ರೆ, ಆದೇಶಪತ್ರದ ನೆತ್ತಿಯಲ್ಲಿರತಕ್ಕದ್ದು. ಅದನ್ನು ಧ್ವಜದ ನಡುವೆ ಇಟ್ಟ ಮೇಲೆ ಆಟೋರಿಕ್ಷಾದವನು ಅದನ್ನು ಕಟ್ಟಬಹುದೇ? ಮುಂಬಯಿಯ ಕನ್ನಡ ಸಂಘದವರು? ಸೊಲ್ಲಾಪುರದ, ಅಕ್ಕಲಕೋಟೆಯ, ತಾಳವಾಡಿಯ ಶಾಲೆಯವರು? ಏಳನೆಯ ತರಗತಿಯ ಹುಡುಗರು ಪಂಚೆಯ ತುಂಡನ್ನು ಅರಿಶಿನದಲ್ಲಿ ಅದ್ದಿ ಗಂಡಭೇರುಂಡವನ್ನು ಹೊಲಿದಾರೇ? ಎಲ್ಲರೂ ಮಾಡಬಲ್ಲದ್ದಾಗಿದ್ದ ಒಂದು ವಸ್ತುವನ್ನು ಮುದ್ರಣಾಲಯ ಮಾತ್ರ ಮಾಡಬಲ್ಲ ವಸ್ತುವಾಗಿಸಿದಂತಾಯಿತು.

ಎಲ್ಲಕ್ಕಿಂತ ಮಿಗಿಲಾಗಿ, ಆ ಮುದ್ರೆ ಬಿದ್ದ ಕ್ಷಣವೇ ನನ್ನ ತಲಶ್ಶೇರಿಯ ಸಹೋದ್ಯೋಗಿಯ ಎರಡನೆಯ ವಾಕ್ಯ ಸತ್ಯವಾಗುತ್ತದೆ. ಅದು ಇನ್ನೊಂದು ಸರಕಾರದ ಧ್ವಜ. ಅದನ್ನು ಕಾಸರಗೋಡಿನ ಶಾಲೆಯ ವೇದಿಕೆಗೆ ಕಟ್ಟಿದರೆ ಆಕ್ಷೇಪಿಸುವವನನ್ನು ನಾನು ದೂರಲಾರೆ. ಕನ್ನಡಕ್ಕೆ ಗೌರವ ತರಲೆಂದು ಮಾಡಿದ ಕಾರ್ಯದಿಂದ ರಾಜ್ಯದ ಹೊರಗಿನ ಕನ್ನಡಿಗನ ಕೈಯಲ್ಲಿದ್ದ ಒಂದೇ ಒಂದು ಬಟ್ಟೆ ತುಂಡು ಕಿತ್ತುಕೊಂಡಂತಾಗುವುದನ್ನು ಆ ಸಮಿತಿಯಲ್ಲಿ ಯಾರೂ ಯೋಚಿಸಿರಲಾರರು. ದುರುದ್ದೇಶವೆಂದು ನಾನು ಹೇಳುವುದಿಲ್ಲ. ವಿಧಾನಸೌಧದ ಕಿಟಕಿಯಿಂದ ಚಂದ್ರಗಿರಿ ಕಾಣುವುದಿಲ್ಲ, ಅಷ್ಟೆ.

ಸರಕಾರ ಅಂಗೀಕರಿಸಿದರೆ ಧ್ವಜಕ್ಕೆ ಗಟ್ಟಿತನ ಬರುತ್ತದಲ್ಲವೇ ಎಂದು ನನ್ನ ಅಳಿಯನೇ ವಾದಿಸುತ್ತಾನೆ. ಇದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ನಮ್ಮ ದೇಶದಲ್ಲಿ ಸ್ವಂತ ಧ್ವಜವನ್ನು ಅಧಿಕೃತವಾಗಿ ಹೊಂದಿದ್ದ ರಾಜ್ಯ ಜಮ್ಮು ಮತ್ತು ಕಾಶ್ಮೀರ. 1952ರಲ್ಲಿ ಅಲ್ಲಿನ ಸಂವಿಧಾನ ಸಭೆ ಅಂಗೀಕರಿಸಿದ ಕೆಂಪು ಧ್ವಜದಲ್ಲಿ ಬಿಳಿಯ ನೇಗಿಲು, ಪಕ್ಕದಲ್ಲಿ ಮೂರು ನೆಟ್ಟನೆಯ ಪಟ್ಟಿಗಳು. ನೇಗಿಲು ದುಡಿಯುವ ರೈತನಿಗೆ, ಪಟ್ಟಿಗಳು ಜಮ್ಮು, ಕಾಶ್ಮೀರ, ಲಡಾಖ್ ಎಂಬ ಮೂರು ಪ್ರದೇಶಗಳಿಗೆ. ವಿನ್ಯಾಸದ ದೃಷ್ಟಿಯಿಂದ ನೋಡಿದರೆ ಉತ್ತಮವಾದ ಧ್ವಜ, ಹೇಳಬೇಕಾದದ್ದನ್ನು ಎರಡೇ ಬಣ್ಣದಲ್ಲಿ ಹೇಳಿತ್ತು. 2019ರ ಆಗಸ್ಟಿನಲ್ಲಿ ವಿಶೇಷ ಸ್ಥಾನಮಾನ ರದ್ದಾಯಿತು, ಅದೇ ತಿಂಗಳಲ್ಲಿ ಶ್ರೀನಗರದ ಸಚಿವಾಲಯದ ಮೇಲಿನಿಂದ ಆ ಧ್ವಜ ಇಳಿಯಿತು. ಆ ನಿರ್ಣಯದ ಸರಿತಪ್ಪುಗಳು ಇಲ್ಲಿ ಅಪ್ರಸ್ತುತ. ಆದೇಶದಿಂದ ಏರಿದ್ದು ಆದೇಶದಿಂದ ಇಳಿಯಿತೆಂಬುದಷ್ಟೇ ನನಗೆ ಮುಖ್ಯ. ಹಳದಿ ಕೆಂಪನ್ನು ಯಾರೂ ಆದೇಶ ಹೊರಡಿಸಿ ಏರಿಸಿರಲಿಲ್ಲ.

ಅಧಿಕೃತವಾದ ಮೇಲೆ ನಿಯಮಗಳೂ ಹಿಂದೆಯೇ ಬರುತ್ತವೆ. ಕುವೆಂಪು ಅವರ ಗೀತೆಗೆ 2004ರಲ್ಲಿ ನಾಡಗೀತೆಯ ಪಟ್ಟ ದೊರೆಯಿತು, ಸಂತೋಷ. ಅನಂತರ ಧಾಟಿ ಯಾವುದು, ಎಷ್ಟು ನಿಮಿಷವೆಂದು ವರ್ಷಗಟ್ಟಲೆ ಚರ್ಚೆ ನಡೆದು, 2022ರಲ್ಲಿ ಎರಡೂವರೆ ನಿಮಿಷವೆಂದು ಸರಕಾರವೇ ಗೊತ್ತುಪಡಿಸಬೇಕಾಯಿತು. ಕರ್ನಾಟಕದೊಳಗೆ ಅದು ಅಗತ್ಯವಿದ್ದೀತು. ನಮ್ಮ ಮಕ್ಕಳು ಇಲ್ಲಿ ಗಡಿಯಾರ ನೋಡದೆಯೇ ಹಾಡುತ್ತಿದ್ದರು.

ಹಾಗಾದರೆ ಕರ್ನಾಟಕ ಸರಕಾರಕ್ಕೆ ಧ್ವಜವೇ ಬೇಡವೇ? ಬೇಕಾದರೆ ಇಟ್ಟುಕೊಳ್ಳಲಿ. ಗಂಡಭೇರುಂಡವಿದೆ, ಶರಭವಿದೆ, ಬನವಾಸಿಯಿಂದ ಮೈಸೂರಿನವರೆಗಿನ ಲಾಂಛನಗಳ ಭಂಡಾರವೇ ಇದೆ. ಅವುಗಳಿಂದ ತನ್ನ ಕಚೇರಿಗಳಿಗೆ, ಸವಾರಿಗಳಿಗೆ ಯೋಗ್ಯವಾದ ಧ್ವಜವೊಂದನ್ನು ರೂಪಿಸಿಕೊಳ್ಳಲು ಅಡ್ಡಿಯೇನು? ಹಳದಿ ಕೆಂಪನ್ನು ಮಾತ್ರ ಹೇಗಿದೆಯೋ ಹಾಗೆಯೇ, ಮುದ್ರೆಯಿಲ್ಲದೆ, ಅಳತೆಯಿಲ್ಲದೆ, ಕನ್ನಡವನ್ನಾಡುವವರಿಗೆ ಬಿಟ್ಟುಕೊಡಲಿ. ಅದನ್ನು ನಾಡಧ್ವಜವೆಂದು ಕರೆಯುವಾಗ ನಾಡು ಎಂಬ ಮಾತಿಗೆ ರಾಜ್ಯವೆಂಬ ಅರ್ಥವನ್ನು ತುಂಬದಿರಲಿ. ಕವಿರಾಜಮಾರ್ಗದಲ್ಲಿ ಬರುವ ನಾಡು ಗೋದಾವರಿಯನ್ನು ಮುಟ್ಟುತ್ತದೆ, ಇಂದಿನ ಯಾವ ರಾಜ್ಯದ ಗಡಿಗೂ ಅದು ಹೊಂದುವುದಿಲ್ಲ. ಮಂಜೇಶ್ವರದ ಗೋವಿಂದ ಪೈಗಳನ್ನು ರಾಷ್ಟ್ರಕವಿಯೆಂದು 1949ರಲ್ಲಿ ಗೌರವಿಸಿದ್ದು ಮದ್ರಾಸು ಸರಕಾರ. ಅವರು ತೀರಿಕೊಂಡಾಗ ಮಂಜೇಶ್ವರ ಕೇರಳದಲ್ಲಿತ್ತು. ಕವಿ ಯಾರವರೆಂದು ನಮ್ಮಲ್ಲಿ ಯಾರಿಗೂ ಸಂದೇಹ ಬಂದಿಲ್ಲ.

ಆದುದರಿಂದ ಸ್ವಾಗತ ಸಮಿತಿಗೆ ನನ್ನ ಉತ್ತರವಿದು. ಅಂಗಳದ ಕಂಬದಲ್ಲಿ ತ್ರಿವರ್ಣ ಧ್ವಜ, ಅದೊಂದೇ. ಗುಡ್ಡೆಯ ದಾರಿಯ ಎರಡು ಬದಿಗೆ ಅಡಿಕೆಮರದ ಸಲಾಕೆ ನೆಟ್ಟು ಹಳದಿ ಕೆಂಪು, ಕಂಬದ ಅರ್ಧ ಎತ್ತರಕ್ಕಿಂತ ಮೇಲೇರದಂತೆ. ಮುದ್ರಿಸಿ ತರಿಸುವುದು ಬೇಡ, ಅಮ್ಮಂದಿರು ಹೊಲಿಯಲಿ, ಬಣ್ಣ ಒಂದಕ್ಕೊಂದು ಸ್ವಲ್ಪ ಹೆಚ್ಚುಕಡಮೆಯಾದರೂ ಸರಿ. ಲಾಂಛನವುಳ್ಳ ಹೊಸದು ಬೇಡ. ಯಾರಾದರೂ ಬಂದು ಇದು ಅನ್ಯರಾಜ್ಯದ ಧ್ವಜವಲ್ಲವೇ ಎಂದರೆ ನನ್ನಲ್ಲಿಗೆ ಕಳುಹಿಸಿ, ನಾನು ಮುಂದಿನ ಸಾಲಿನಲ್ಲಿಯೇ ಕುಳಿತಿರುತ್ತೇನೆ.

1996ರ ಆ ಬಟ್ಟೆ ಇಂದಿಗೂ ಇದೆ. 2006ರಲ್ಲಿ ನಿವೃತ್ತನಾದಾಗ ಕಪಾಟಿನ ಬೀಗದಕೈಯೊಡನೆ ಅದನ್ನು ಶಾಲೆಗೆ ಬಿಟ್ಟುಬರಬೇಕಾಗಿತ್ತು, ಮನಸ್ಸು ಬಾರದೆ ಮನೆಗೆ ತಂದೆ. ಅರಿಶಿನದ ಬಣ್ಣ ಬಹುತೇಕ ಬಿಟ್ಟುಹೋಗಿ ಪಂಚೆಯ ಬಿಳಿ ಇಣುಕುತ್ತಿದೆ, ಕೆಂಪು ಮಾಸಿಲ್ಲ. ವಸ್ತುಪ್ರದರ್ಶನದ ಕೋಣೆಯಲ್ಲಿಡಲು ಸಮಿತಿಗೆ ಒಪ್ಪಿಸುತ್ತಿದ್ದೇನೆ. ಅದನ್ನು ಹೊಲಿದ ನಾಲ್ವರಲ್ಲಿ ಇಬ್ಬರು ಗಲ್ಫ್ ದೇಶಗಳಲ್ಲಿರುವರೆಂದು, ಒಬ್ಬ ಮಂಗಳೂರಿನಲ್ಲಿರುವನೆಂದು ಕೇಳಿದ್ದೇನೆ, ನಾಲ್ಕನೆಯವನ ಸುದ್ದಿ ತಿಳಿಯದು. ಈ ಸಂಚಿಕೆ ಅವರ ಕೈಸೇರಿದರೆ ಸಮಾರಂಭಕ್ಕೆ ಅವಶ್ಯವಾಗಿ ಬರಬೇಕು. ಅಂದು ಕೇಳದೆ ಉಳಿಸಿದ ಪ್ರಶ್ನೆಯನ್ನು ಈಗಲಾದರೂ ಕೇಳಬಹುದು.